ಮೀನಿನ ಮೇವಿನಲ್ಲಿ ಪ್ರೋಬಯಾಟಿಕ್: ಬಿಟ್ಟುಹೋಗುವ ಒಂದು ಅಂಕಿ

ಹಾಲನ್ನು ಮೊಸರಾಗಿಸುವ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು ನಿಮಗೆ ಗೊತ್ತು. ಅವುಗಳ ಬಳಗದವನ್ನೇ ಮೇವಿನಲ್ಲಿ ಬೆರೆಸಿ ಸಾಕಣೆಯ ಮೀನಿಗೆ ತಿನ್ನಿಸಿದರೆ ಕರುಳು ಸ್ವಸ್ಥವಾಗಿರುತ್ತದೆ, ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂಬ ಮಾತನ್ನೂ ನೀವು ಓದಿರಬಹುದು. ಇದಕ್ಕೆ ಆಧಾರವಾಗಿ ಪದೇ ಪದೇ ಉಲ್ಲೇಖವಾಗುವ ಪ್ರಯೋಗಗಳಲ್ಲೊಂದು ಫಿನ್ಲೆಂಡಿನ ನಿಕೊಸ್ಕೆಲೈನೆನ್ ಮತ್ತು ಸಂಗಡಿಗರದು. 2001ರಲ್ಲಿ ‘ಅಕ್ವಾಕಲ್ಚರ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಬಂಧವನ್ನು ಉಲ್ಲೇಖಿಸುವವರೆಲ್ಲ ಪೂರ್ತಿ ಓದಿದ್ದಾರೆಯೇ ಎಂಬ ಸಂದೇಹ ನನ್ನದು.

ಪ್ರಯೋಗ ಸರಳವಾದದ್ದು. ಆರಿಸಿಕೊಂಡ ಮೀನು ತಣ್ಣೀರಿನಲ್ಲಿ ಬದುಕುವ ರೇನ್‌ಬೋ ಟ್ರೌಟ್. ಬ್ಯಾಕ್ಟೀರಿಯಾ ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್. ಬಳಸಿದ ತಳಿ ಮೂಲತಃ ಮನುಷ್ಯನ ಕರುಳಿನದು! ಒಂದು ಗುಂಪಿಗೆ ಪ್ರತಿ ಗ್ರಾಂ ಮೇವಿನಲ್ಲಿ 100 ಕೋಟಿ ಬ್ಯಾಕ್ಟೀರಿಯಾ, ಇನ್ನೊಂದಕ್ಕೆ 1 ಲಕ್ಷ ಕೋಟಿ. ನಿಯಂತ್ರಣ ಗುಂಪಿಗೆ ಬರೀ ಮೇವು. ಹದಿನಾರು ದಿನಗಳ ನಂತರ ಮೀನುಗಳನ್ನು ಫ್ಯುರಂಕ್ಯುಲೋಸಿಸ್ ರೋಗ ತರುವ ಏರೋಮೊನಾಸ್ ಸಾಲ್ಮೊನಿಸಿಡಾಕ್ಕೆ ಒಡ್ಡಿದರು. ನಿಯಂತ್ರಣ ಗುಂಪಿನಲ್ಲಿ ಶೇಕಡಾ 52.6ರಷ್ಟು ಮೀನು ಸತ್ತವು. 100 ಕೋಟಿಯ ಗುಂಪಿನಲ್ಲಿ ಶೇಕಡಾ 18.9. ಎರಡನೆಯದರಲ್ಲಿ? ಶೇಕಡಾ 46.3.

ಇಲ್ಲಿ ಸ್ವಲ್ಪ ನಿಲ್ಲಿ. ಸಾವಿರ ಪಟ್ಟು ಹೆಚ್ಚು ಬ್ಯಾಕ್ಟೀರಿಯಾ ತಿಂದ ಮೀನುಗಳಿಗೆ ಸಿಕ್ಕಿದ ರಕ್ಷಣೆ ತೀರಾ ಅಲ್ಪ. ಸಂಶೋಧಕರು ಇದನ್ನು ಮುಚ್ಚಿಡಲಿಲ್ಲ, ಪ್ರಬಂಧದ ಸಾರಾಂಶದಲ್ಲೇ ಹೇಳಿದ್ದಾರೆ. ಆದರೆ ಬಾಯಿಂದ ಬಾಯಿಗೆ ಹೋಗುವಾಗ 18.9 ಉಳಿಯುತ್ತದೆ, 46.3 ಬಿಟ್ಟುಹೋಗುತ್ತದೆ. ‘ಹೆಚ್ಚು ಹಾಕಿದಷ್ಟೂ ಒಳ್ಳೆಯದು’ ಎಂದುಕೊಂಡು ಮೇವಿಗೆ ದುಡ್ಡು ಸುರಿಯುವ ಸಾಕಣೆದಾರನಿಗೆ ಬೇಕಾದದ್ದು ಈ ಎರಡನೆಯ ಅಂಕಿಯೇ.

ಇಂಥ ಪ್ರಯೋಗಗಳನ್ನು ಓದುವಾಗ ತೊಟ್ಟಿಗಳ ಸಂಖ್ಯೆಯನ್ನೂ ಹುಡುಕಿ. ಒಂದೇ ತೊಟ್ಟಿಯ ಮೀನುಗಳು ಒಂದೇ ನೀರನ್ನು ಹಂಚಿಕೊಳ್ಳುತ್ತವೆ. ಒಂದಕ್ಕೆ ಸೋಂಕು ತಗಲಿದರೆ ಮಿಕ್ಕವಕ್ಕೂ ಹರಡುತ್ತದೆ. ಹಾಗಾಗಿ ಐವತ್ತು ಮೀನುಗಳ ಒಂದು ತೊಟ್ಟಿಯನ್ನು ಐವತ್ತು ಸ್ವತಂತ್ರ ಪರೀಕ್ಷೆಗಳೆಂದು ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಅದು ಒಂದೇ ಪರೀಕ್ಷೆ.

ಇನ್ನು ಕರುಳಿನ ವಿಷಯ. ಇದೇ ತಂಡ 2003ರಲ್ಲಿ ಇದೇ ಬ್ಯಾಕ್ಟೀರಿಯಾವನ್ನು ಟ್ರೌಟ್‌ಗೆ ತಿನ್ನಿಸಿ, ರಕ್ತಕಣಗಳು ಸೂಕ್ಷ್ಮಾಣುಗಳನ್ನು ಕೊಲ್ಲಲು ಹೊರಬಿಡುವ ಕ್ರಿಯಾಶೀಲ ಆಕ್ಸಿಜನ್ ಹೆಚ್ಚಿದ್ದನ್ನು ಕಂಡಿತು. ಆದರೆ ಮೇವಿನಲ್ಲಿ ಬೆರೆಸುವುದನ್ನು ನಿಲ್ಲಿಸಿದ ಒಂದೇ ವಾರದೊಳಗೆ ಬ್ಯಾಕ್ಟೀರಿಯಾ ಕರುಳಿನಿಂದ ಮಾಯವಾಯಿತು. ಅಂದರೆ ಅದು ಅಲ್ಲಿ ನೆಲೆಸಿರಲಿಲ್ಲ, ಬಂದುಹೋಗುವ ಅತಿಥಿಯಾಗಿತ್ತು. ತಿನ್ನಿಸುವಷ್ಟು ದಿನ ತೊಟ್ಟಿಯ ನೀರಿನಲ್ಲೂ ಅದು ಹೇರಳವಾಗಿತ್ತು. ಹಾಗಿದ್ದಲ್ಲಿ ಕಂಡ ಪರಿಣಾಮವೆಲ್ಲ ಕರುಳಿನ ಮೂಲಕವೇ ಆದದ್ದೆಂದು ಹೇಳುವುದು ಹೇಗೆ?

ರಕ್ತದ ಅಳತೆ ಏರಿದರೆ ಮೀನು ಉಳಿಯುತ್ತದೆ ಎಂದೂ ಅಲ್ಲ. ರೋಗಕ್ಕೆ ಒಡ್ಡದೆ ರಕ್ತಪರೀಕ್ಷೆಯಲ್ಲೇ ಮುಗಿಯುವ ಎಷ್ಟೋ ಅಧ್ಯಯನಗಳು ‘ರೋಗನಿರೋಧಕ ಶಕ್ತಿ ಹೆಚ್ಚಿತು’ ಎಂದು ತೀರ್ಮಾನಿಸುತ್ತವೆ. ಆ ದೃಷ್ಟಿಯಿಂದ 2001ರ ಪ್ರಯೋಗವೇ ಮೇಲು: ಅಲ್ಲಿ ಎಣಿಸಿದ್ದು ಸತ್ತ ಮೀನುಗಳನ್ನು. ನಾರ್ವೆಯ ಗಿಲ್ಡ್‌ಬರ್ಗ್ ಮತ್ತು ಸಂಗಡಿಗರೂ ಹಾಗೆಯೇ ಎಣಿಸಿದರು. 1995ರಲ್ಲಿ ಅವರು ಸಾಲ್ಮನ್ ಮರಿಗಳಿಗೆ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾ ತಿನ್ನಿಸಿ ಅದೇ ಏರೋಮೊನಾಸ್‌ಗೆ ಒಡ್ಡಿದಾಗ, ನಿರೀಕ್ಷೆಗೆ ವಿರುದ್ಧವಾಗಿ ಅತಿ ಹೆಚ್ಚು ಸಾವು ಸಂಭವಿಸಿದ್ದು ಬ್ಯಾಕ್ಟೀರಿಯಾ ತಿಂದ ಮರಿಗಳಲ್ಲೇ. 1997ರಲ್ಲಿ ಕಾಡ್ ಮೀನಿನ ಮರಿಗಳನ್ನು ವಿಬ್ರಿಯೊ ರೋಗಾಣುವಿಗೆ ಒಡ್ಡಿದಾಗ ಅಷ್ಟಿಷ್ಟು ಪ್ರಯೋಜನ ಕಂಡಿತು. ಮೀನು ಬೇರೆ, ರೋಗಾಣು ಬೇರೆ, ಉತ್ತರವೂ ಬೇರೆ.

ಶಿಕ್ಷಕರು ಒಂದು ಕೆಲಸ ಮಾಡಬಹುದು. 52.6, 18.9, 46.3 ಈ ಮೂರನ್ನು ಕಪ್ಪುಹಲಗೆಯ ಮೇಲೆ ಬರೆದು, ನಡುವಿನ ಗುಂಪಿನ ಪ್ರಮಾಣವನ್ನು ಮಾತ್ರ ತಿಳಿಸಿ, ಮೂರನೆಯದಕ್ಕೆ ಎಷ್ಟು ಬ್ಯಾಕ್ಟೀರಿಯಾ ತಿನ್ನಿಸಿರಬಹುದೆಂದು ವಿದ್ಯಾರ್ಥಿಗಳನ್ನು ಕೇಳಿ. ಬಹುಪಾಲು ಮಂದಿ 100 ಕೋಟಿಗಿಂತ ಕಡಿಮೆ ಎಂದೇ ಊಹಿಸುತ್ತಾರೆ.