ನಾಗಪ್ಪನ ಭಯ, ಮ್ಯಾಸ್ಲೋನ ಏಣಿ

ಮೊದಲು ಹೊಟ್ಟೆ, ಆಮೇಲೆ ಭದ್ರತೆ, ಪ್ರೀತಿ, ಗೌರವ. ಕೊನೆಗೆ ತನ್ನ ಶಕ್ತಿಯ ಪೂರ್ಣ ವಿಕಾಸ. ಮನುಷ್ಯನ ಬೇಕುಗಳನ್ನು ಅಮೆರಿಕದ ಮನೋವಿಜ್ಞಾನಿ ಅಬ್ರಹಾಂ ಮ್ಯಾಸ್ಲೋ 1943ರಲ್ಲಿ ಹೀಗೆ ಜೋಡಿಸಿದರು. ಯಶವಂತ ಚಿತ್ತಾಲರ ‘ಶಿಕಾರಿ’ (1979) ಈ ಏಣಿಯನ್ನು ಅಲುಗಾಡಿಸುತ್ತದೆ. ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಗೇರಿದ ನಾಗಪ್ಪ ಅಮಾನತುಗೊಂಡ ಕೂಡಲೇ ಕೆಳಗಿನ ಮೆಟ್ಟಿಲಿಗೆ ಬೀಳುತ್ತಾನೆ. ಆದರೆ ಅಲ್ಲಿ ಅವನು ಹುಡುಕುವುದು ಬರಿಯ ನೌಕರಿಯನ್ನಲ್ಲ, ತಾನು ಯಾರೆಂಬುದನ್ನು. ಭಯದ ನಡುವೆಯೇ ಮೇಲಿನ ಹಸಿವು ಏಳುತ್ತದೆ. ಈ ಕ್ರಮ ಕಟ್ಟುನಿಟ್ಟಲ್ಲವೆಂದು ಮ್ಯಾಸ್ಲೋ ಕೂಡ ಒಪ್ಪಿದ್ದರು. ಪಠ್ಯಪುಸ್ತಕಗಳ ಪಿರಮಿಡ್ಡು ಆ ಮಾತನ್ನು ಮರೆಸಿತು. ಡೊಂಬಿವಲಿ, ಕಲ್ಯಾಣದ ನಮಗೆ ಇದು ಹೊಸತಲ್ಲ. ಸ್ವಂತ ಬ್ಲಾಕ್ ಕೊಳ್ಳುವವರೆಗೆ ಕನ್ನಡ ಕಾಯಲಿ ಎಂದು ನಮ್ಮ ಹಿರಿಯರು ಕೂತರೇ? ‘ಮೊದಲು ನೌಕರಿ, ಮಿಕ್ಕಿದ್ದೆಲ್ಲ ಆಮೇಲೆ’ ಎಂದು ಮಕ್ಕಳಿಗೆ ಹೇಳುವ ತಂದೆತಾಯಿಗಳು ‘ಶಿಕಾರಿ’ಯನ್ನೊಮ್ಮೆ ಓದಬೇಕು.