ಅರಿವು, ಕಳವಳ, ಕ್ರಿಯೆ: ತುಮಕೂರು ಜಿಲ್ಲೆಯ ಕ್ಷಯರೋಗ ಅಧ್ಯಯನದ ಮರು ಓದು

ಕನ್ನಡದ ಸಂಶೋಧನಾ ಪರಂಪರೆಯು ಶಾಸನ, ಹಸ್ತಪ್ರತಿ, ಕೈಫಿಯತ್ತು, ಗ್ಯಾಸೆಟಿಯರ್‌ಗಳನ್ನು ನಾಡಿನ ಬದುಕಿನ ದಾಖಲೆಗಳೆಂದು ಒಪ್ಪಿಕೊಂಡು ಬಹಳ ಕಾಲವಾಗಿದೆ. ಜಾನಪದ ಅಧ್ಯಯನಗಳ ಮೂಲಕ ನಾಟಿ ವೈದ್ಯವೂ ವಿದ್ವತ್ತಿನ ಅಂಗಳಕ್ಕೆ ಬಂದಿದೆ. ಆದರೆ ಇದೇ ನಾಡಿನ ಹಳ್ಳಿಗಳಲ್ಲಿ ಸುತ್ತಾಡಿ, ಇಲ್ಲಿನ ಜನರನ್ನು ಮಾತನಾಡಿಸಿ, ಇಂಗ್ಲಿಷಿನಲ್ಲಿ ಬರೆದ ವೈದ್ಯಕೀಯ ಸಂಶೋಧನಾ ಪ್ರಬಂಧಗಳನ್ನು ಆ ಸಾಲಿನಲ್ಲಿಟ್ಟು ಓದುವ ರೂಢಿ ಬೆಳೆಯಲಿಲ್ಲ. ಅವು ವೈದ್ಯರಿಗೆ ಸೇರಿದ ಕಾಗದಗಳು ಎಂಬ ಭಾವನೆ ಇದಕ್ಕೆ ಒಂದು ಕಾರಣ. ಅಂಕಿ ಅಂಶಗಳಿರುವ ಬರಹ ವಿಮರ್ಶೆಗೆ ಒಳಪಡುವ ಪಠ್ಯವಲ್ಲ ಎಂಬ ತಪ್ಪು ತಿಳಿವಳಿಕೆ ಇನ್ನೊಂದು ಕಾರಣ. ಒಂದು ಪ್ರಬಂಧ ಯಾರನ್ನು ಪ್ರಶ್ನೆ ಕೇಳುತ್ತದೆ, ಬಂದ ಉತ್ತರವನ್ನು ಯಾವ ಮನೆಗಳಲ್ಲಿ ವಿಂಗಡಿಸಿ ಇಡುತ್ತದೆ, ಆ ಮನೆಗಳಲ್ಲಿ ಹಿಡಿಯದ ಮಾತು ಏನಾಗುತ್ತದೆ ಎಂಬುವು ಅಪ್ಪಟ ವಿಮರ್ಶೆಯ ಪ್ರಶ್ನೆಗಳೇ ಆಗಿವೆ.

ಈ ದೃಷ್ಟಿಯಿಂದ ಮೊದಲು ಕೈಗೆತ್ತಿಕೊಳ್ಳಬೇಕಾದ ಬರಹ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟಿಸಿದ ಪ್ರಬಂಧ. ಶ್ವಾಸಕೋಶದ ಕ್ಷಯವಿರುವವರಿಗೆ ತಮ್ಮ ರೋಗಲಕ್ಷಣಗಳ ಅರಿವು ಎಷ್ಟರಮಟ್ಟಿಗೆ ಇದೆ ಎಂಬುದು ಅದರ ವಸ್ತು. ಅಧ್ಯಯನದ ಕ್ಷೇತ್ರ ತುಮಕೂರು ಜಿಲ್ಲೆ. ಒಂದು ದೇಶದ ಆರೋಗ್ಯ ಕಾರ್ಯಕ್ರಮದ ವಿನ್ಯಾಸವನ್ನೇ ತಿದ್ದಿದ ಈ ಬರಹಕ್ಕೆ ಕನ್ನಡದಲ್ಲಿ ಸಿಗಬೇಕಾದಷ್ಟು ಚರ್ಚೆ ಸಿಕ್ಕಿಲ್ಲ.

ಪ್ರಬಂಧದ ಮಹತ್ವ ತಿಳಿಯಲು ಅದರ ಹಿಂದಿನ ದಶಕವನ್ನು ನೋಡಬೇಕು. ಅಲ್ಲಿಯವರೆಗೆ ಕ್ಷಯದ ಚಿಕಿತ್ಸೆ ಎಂದರೆ ಸ್ಯಾನಟೋರಿಯಂ ಎಂದೇ ಅರ್ಥ. ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರ, ಮನೆಯವರಿಂದ ದೂರವಿರುವುದು, ಇವು ಅದರ ಅಂಗಗಳು. ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ನಿಂತ ಸ್ಯಾನಟೋರಿಯಂ ಈ ಮಾದರಿಗೆ ಸೇರಿದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1955ರಿಂದ 1958ರವರೆಗೆ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಕ್ಷಯ ನಗರದ ಕಾಯಿಲೆ ಎಂಬ ನಂಬಿಕೆಯನ್ನು ಅಲುಗಾಡಿಸಿತು. ಹಳ್ಳಿಗಳಲ್ಲೂ ಅದು ಹೆಚ್ಚುಕಡಿಮೆ ಪಟ್ಟಣಗಳಷ್ಟೇ ಹರಡಿತ್ತು. ಅಷ್ಟು ರೋಗಿಗಳಿಗೆ ಹಾಸಿಗೆ ಒದಗಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಿರಲಿಲ್ಲ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಔಷಧ ಚಿಕಿತ್ಸಾ ಕೇಂದ್ರವು ವ್ಯಾಲೇಸ್ ಫಾಕ್ಸ್ ಅವರ ಮುಂದಾಳುತನದಲ್ಲಿ 193 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಮನೆಯಲ್ಲೇ, ಒಂದು ವರ್ಷ ಅದೇ ಔಷಧಗಳನ್ನು ಕೊಟ್ಟು ಹೋಲಿಸಿತು. ಮನೆಯಲ್ಲಿದ್ದವರು ಬಡ ಊಟ ಉಂಡು, ಇಕ್ಕಟ್ಟಿನ ಜಾಗದಲ್ಲಿದ್ದರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಯವರಿಗೆ ರೋಗ ಹೆಚ್ಚಾಗಿ ತಗುಲಲೂ ಇಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನಾದ್ಯಂತ ಸ್ಯಾನಟೋರಿಯಂ ಯುಗದ ಅಡಿಪಾಯವನ್ನು ಸಡಿಲಿಸಿತು.

ಔಷಧವೇನೋ ಸಿಕ್ಕಿತು, ಅದನ್ನು ಹಳ್ಳಿಯ ರೋಗಿಗೆ ತಲುಪಿಸುವ ಬಗೆ ಗೊತ್ತಿರಲಿಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಮುಂದಿದ್ದ ಸವಾಲು ಇದೇ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾ ನಿರ್ದೇಶಕರಾದ ಹಾಫ್‌ಡನ್ ಮಾಹ್ಲರ್ ಅಂದು ಆ ಸಂಸ್ಥೆಯ ಕೆಲಸದಲ್ಲಿ ತೊಡಗಿದ್ದರು. ವೈದ್ಯರು, ಸಂಖ್ಯಾಶಾಸ್ತ್ರಜ್ಞರು, ಸಮಾಜಶಾಸ್ತ್ರದ ಅಧ್ಯಯನಕಾರರು ಒಂದೇ ಸೂರಿನಡಿ ಕುಳಿತದ್ದು ಆ ಕಾಲಕ್ಕೆ ಅಪರೂಪ. ಅಂದಿನ ಪ್ರಚಲಿತ ಯೋಚನೆ ಹೀಗಿತ್ತು: ಹಳ್ಳಿಗರು ಅಜ್ಞಾನಿಗಳು, ಮೂಢನಂಬಿಕೆಯವರು, ಆಧುನಿಕ ವೈದ್ಯವನ್ನು ನಂಬದವರು, ಆದ್ದರಿಂದ ಕ್ಷ-ಕಿರಣ ಯಂತ್ರವನ್ನು ವಾಹನದಲ್ಲಿ ಹೊತ್ತು ಊರೂರಿಗೆ ಹೋಗಿ ರೋಗಿಗಳನ್ನು ಹುಡುಕಬೇಕು. ಈ ಯೋಚನೆಯಲ್ಲಿ ರೋಗಿ ಹುಡುಕಿಸಿಕೊಳ್ಳುವವನು ಮಾತ್ರ, ತಾನಾಗಿ ಏನನ್ನೂ ಮಾಡದವನು.

ತುಮಕೂರಿನ ಅಧ್ಯಯನ ಈ ಚಿತ್ರವನ್ನು ತಲೆಕೆಳಗು ಮಾಡಿತು. ಸಮೀಕ್ಷೆಯಲ್ಲಿ ಕ್ಷ-ಕಿರಣ ತೆಗೆಸಿಕೊಂಡವರನ್ನು ಅವರ ಊರುಗಳಿಗೆ ಹೋಗಿ ಸಂದರ್ಶಿಸಲಾಯಿತು. ಎದೆಯ ಚಿತ್ರದಲ್ಲಿ ದೋಷ ಕಂಡವರ ಜೊತೆಗೆ ದೋಷವಿಲ್ಲದವರ ಹೋಲಿಕೆ ಗುಂಪೂ ಇತ್ತು. ಕೆಮ್ಮು, ಜ್ವರ, ಎದೆನೋವುಗಳು ಯಾರಿಗೂ ಬರಬಹುದಾದ್ದರಿಂದ ಈ ಹೋಲಿಕೆ ಇಲ್ಲದಿದ್ದರೆ ಅಧ್ಯಯನಕ್ಕೆ ಬೆಲೆ ಬರುತ್ತಿರಲಿಲ್ಲ. ಕಫದಲ್ಲಿ ರೋಗಾಣು ಕಂಡವರ ಪೈಕಿ ನೂರಕ್ಕೆ ಸುಮಾರು 95 ಮಂದಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು 72 ಮಂದಿಗೆ ಅದರ ಬಗ್ಗೆ ಕಳವಳವಿತ್ತು. ಸುಮಾರು 52 ಮಂದಿ ಪರಿಹಾರ ಹುಡುಕಿಕೊಂಡು ಆಧುನಿಕ ವೈದ್ಯಸಂಸ್ಥೆಗಳಿಗೆ ಆಗಲೇ ಹೋಗಿ ಬಂದಿದ್ದರು. ಹೋದವರಲ್ಲಿ ಬಹುಮಂದಿಗೆ ಅಲ್ಲಿ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಮಿಕ್ಸ್ಚರ್. ಕಫ ಪರೀಕ್ಷೆಯಾಗಲಿ, ಕ್ಷಯದ ಗುಮಾನಿಯಾಗಲಿ ಅಲ್ಲಿ ಹುಟ್ಟಲಿಲ್ಲ.

ಹೀಗೆ ಅಜ್ಞಾನದ ಆರೋಪ ಹಳ್ಳಿಯಿಂದ ಎದ್ದು ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತಿತು. ‘ಜನ ಏಕೆ ಬರುವುದಿಲ್ಲ?’ ಎಂಬ ಪ್ರಶ್ನೆ ‘ಬಂದವರಿಗೆ ಏನಾಯಿತು?’ ಎಂಬ ಪ್ರಶ್ನೆಗೆ ಎಡೆಮಾಡಿಕೊಟ್ಟಿತು. ಆರೋಗ್ಯ ಸೇವೆಯ ಸಂಶೋಧನೆಯಲ್ಲಿ ಇಷ್ಟು ಸರಳವಾದ, ಇಷ್ಟು ಆಳವಾದ ಪಲ್ಲಟಗಳು ಹೆಚ್ಚಿಲ್ಲ. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ವಿನ್ಯಾಸ ಈ ತಿಳಿವಿನ ಮೇಲೆಯೇ ನಿಂತಿದೆ. ಕ್ಷಯಕ್ಕೆಂದು ಪ್ರತ್ಯೇಕ ಪಡೆ ಕಟ್ಟುವ ಬದಲು ಜನ ತಾವಾಗಿ ಬರುವ ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ, ದುಬಾರಿ ಯಂತ್ರದ ಬದಲು ಒಂದು ಸೂಕ್ಷ್ಮದರ್ಶಕ ಇಟ್ಟು, ಬಹುದಿನದಿಂದ ಕೆಮ್ಮುವವರ ಕಫ ನೋಡುವುದು ಅದರ ತಿರುಳು. ಜನರಿಗೆ ‘ಅನುಭವಕ್ಕೆ ಬಂದ ಅಗತ್ಯ’ವೇ ಕಾರ್ಯಕ್ರಮದ ಬುನಾದಿ ಎಂಬ ಪರಿಕಲ್ಪನೆಯನ್ನು ಬ್ಯಾನರ್ಜಿ ಮುಂದೆಯೂ ಬೆಳೆಸಿದರು. ಹತ್ತೊಂಬತ್ತು ಹಳ್ಳಿಗಳ ಅಧ್ಯಯನವನ್ನು ಆಧರಿಸಿ 1982ರಲ್ಲಿ ಬಂದ ಬಡತನ, ವರ್ಗ ಮತ್ತು ಆರೋಗ್ಯ ಸಂಸ್ಕೃತಿ ಕುರಿತ ಅವರ ಗ್ರಂಥದಲ್ಲಿ, ಜನರನ್ನು ಆಸ್ಪತ್ರೆಯಿಂದ ದೂರವಿಟ್ಟಿರುವುದು ಅವರ ಸಂಸ್ಕೃತಿಯಲ್ಲ, ಎಟುಕದ ಸೇವೆ ಎಂಬ ವಾದ ಇನ್ನಷ್ಟು ಖಚಿತವಾಗಿದೆ.

ಇಷ್ಟನ್ನು ಒಪ್ಪಿದ ಮೇಲೂ ಪ್ರಬಂಧದ ಒಳರಚನೆಯ ಬಗ್ಗೆ ಕೆಲವು ಪ್ರಶ್ನೆಗಳು ಉಳಿಯುತ್ತವೆ. ಅರಿವು, ಕಳವಳ, ಕ್ರಿಯೆ ಎಂಬ ಮೂರು ಮೆಟ್ಟಿಲುಗಳು ಒಬ್ಬಂಟಿ ವ್ಯಕ್ತಿಯೊಬ್ಬನನ್ನು ಕಲ್ಪಿಸಿಕೊಳ್ಳುತ್ತವೆ. ಅವನು ಮೊದಲು ತಿಳಿಯುತ್ತಾನೆ, ಆಮೇಲೆ ಚಿಂತಿಸುತ್ತಾನೆ, ಆಮೇಲೆ ಹೊರಡುತ್ತಾನೆ. ಬಯಲುಸೀಮೆಯ ಕೂಡುಕುಟುಂಬದ ಸೊಸೆಯೊಬ್ಬಳಿಗೆ ಈ ಕ್ರಮ ಹೊಂದುವುದು ಕಷ್ಟ. ಅರಿವು ಅವಳದು, ಕಳವಳ ಅವಳ ತಾಯಿಯದು, ಬಂಡಿ ಕಟ್ಟಿಸುವ ತೀರ್ಮಾನ ಮಾವನದು ಆಗಿರಬಹುದು. ಕೂಲಿಯವನಿಗೆ ಕಳವಳ ಕೆಮ್ಮಿನದಲ್ಲ, ತಪ್ಪಿಹೋಗುವ ದಿನಗೂಲಿಯದು. 95ರಿಂದ 72ಕ್ಕೆ, 72ರಿಂದ 52ಕ್ಕೆ ಇಳಿಯುವಾಗ ಕೈಬಿಟ್ಟುಹೋದವರು ಯಾರು ಎಂಬ ಪ್ರಶ್ನೆ ಪ್ರಬಂಧವನ್ನು ಉದ್ಧರಿಸುವವರನ್ನು ಅಷ್ಟಾಗಿ ಕಾಡಲಿಲ್ಲ. ಆ ಹೊತ್ತಗೆಯಿಂದ ಹೊರಟು ಜಗತ್ತು ಸುತ್ತಿದ್ದು ಈ ಮೂರು ಅಂಕಿಗಳು ಮಾತ್ರ. ಅವುಗಳ ಹಿಂದೆ ತುಮಕೂರು ಸೀಮೆಯ ಕನ್ನಡವಿತ್ತು ಎಂಬುದು ಅಂಕಿಗಳನ್ನು ನೋಡಿದರೆ ಹೊಳೆಯುವುದಿಲ್ಲ. ‘ಮೈ ಇಳಿದುಹೋಯ್ತು’, ‘ಸಂಜೆಯಾದರೆ ಮೈ ಬಿಸಿ’, ‘ಎದೆ ಹಿಡಕೊಂಡಂಗೆ’ ಎಂಬಂಥ ಮಾತುಗಳಲ್ಲಿ ಲಕ್ಷಣ, ಕಳವಳ ಎರಡೂ ಒಟ್ಟಿಗೇ ಇರುತ್ತವೆ. ಅವನ್ನು ಎರಡು ಮನೆಗಳಿಗೆ ಹಂಚುವುದು ಲೆಕ್ಕಕ್ಕೆ ಅನಿವಾರ್ಯ, ಅರ್ಥಕ್ಕೆ ನಷ್ಟ.

ಕಾರ್ಯಕ್ರಮದ ಮುಂದಿನ ಚರಿತ್ರೆ ಪ್ರಬಂಧಕ್ಕೆ ನ್ಯಾಯ ಒದಗಿಸಲಿಲ್ಲ. ಔಷಧದ ಕೊರತೆ, ಸಿಬ್ಬಂದಿಯ ಕೊರತೆಗಳ ಜೊತೆಗೆ ಆರೋಗ್ಯ ಕೇಂದ್ರಗಳ ಶಕ್ತಿಯೆಲ್ಲ ಕುಟುಂಬ ಯೋಜನೆಯ ಗುರಿಸಾಧನೆಗೆ ಹರಿದುಹೋಯಿತೆಂದು ಬ್ಯಾನರ್ಜಿಯವರೇ ಟೀಕಿಸಿದರು. 1992ರ ಪರಿಶೀಲನೆಯ ಹೊತ್ತಿಗೆ ಚಿಕಿತ್ಸೆಯನ್ನು ಪೂರ್ಣಗೊಳಿಸುತ್ತಿದ್ದವರು ಅರ್ಧಕ್ಕಿಂತ ಕಡಿಮೆ. 1993ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 1997ರಿಂದ ವಿಸ್ತರಿಸಿದ ಪರಿಷ್ಕೃತ ಕಾರ್ಯಕ್ರಮವು ಔಷಧ ಪೂರೈಕೆಯನ್ನು ಗಟ್ಟಿಗೊಳಿಸಿತು, ಲಕ್ಷಾಂತರ ಜೀವ ಉಳಿಸಿತು, ಇದನ್ನು ಅಲ್ಲಗಳೆಯಲಾಗದು. ಆದರೆ ಅದರ ಭಾಷೆ ತುಮಕೂರಿನ ತಿಳಿವಿನಿಂದ ಹಿಂದೆ ಸರಿಯಿತು. ರೋಗಿ ಮಾತ್ರೆ ನುಂಗುವುದನ್ನು ಇನ್ನೊಬ್ಬರು ಕಣ್ಣಾರೆ ನೋಡಬೇಕು ಎಂಬ ನಿಯಮದಲ್ಲಿ ಕಾಳಜಿಯಷ್ಟೇ ಅಪನಂಬಿಕೆಯೂ ಇದೆ. ಚಿಕಿತ್ಸೆ ನಿಲ್ಲಿಸಿದವರು ದಾಖಲೆಗಳಲ್ಲಿ ‘ಡಿಫಾಲ್ಟರ್’ ಆದರು. ಅದು ಸಾಲ ತೀರಿಸದವನಿಗೆ ಬ್ಯಾಂಕು ಕೊಡುವ ಹೆಸರು. ಪರೀಕ್ಷೆಗೆ ಬಂದವರು ‘ಸಸ್ಪೆಕ್ಟ್’ ಆದರು, ಕನ್ನಡ ಪತ್ರಿಕೆಗಳಲ್ಲಿ ‘ಶಂಕಿತ’ರಾದರು. ಕಳ್ಳತನದ ವರದಿಯಲ್ಲೂ, ಕಾಯಿಲೆಯ ವರದಿಯಲ್ಲೂ ಕನ್ನಡ ಒಂದೇ ಪದವನ್ನು ಬಳಸುತ್ತಿರುವುದು ಗಮನಿಸತಕ್ಕ ಸಂಗತಿ. ಈ ಪದಗಳು ರೋಗಿಯನ್ನೇ ದೂರುತ್ತವೆಂಬ ಆಕ್ಷೇಪ 2012ರಲ್ಲಿ ಅಂತರರಾಷ್ಟ್ರೀಯ ಕ್ಷಯ ಪತ್ರಿಕೆಯಲ್ಲಿ ಬಂದಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ವ್ಯಾಖ್ಯೆಗಳಲ್ಲಿ ಅವನ್ನು ಬದಲಿಸಿತು. ಬಂದವರಿಗೆ ಏನಾಯಿತು ಎಂದು ಕೇಳಿದ ಪ್ರಬಂಧ ಪ್ರಕಟವಾಗಿ ಆಗ ಐವತ್ತು ವರ್ಷಗಳಾಗಿದ್ದವು.

ಅದೇ ಸಂಸ್ಥೆಯ ಇನ್ನೊಂದು ಕೃತಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡುವುದು ಅವಶ್ಯ. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳನ್ನು ಮತ್ತೆ ಮತ್ತೆ ಸಮೀಕ್ಷಿಸಿದ ದೀರ್ಘ ಅಧ್ಯಯನ 1974ರಲ್ಲಿ ಪ್ರಕಟವಾಯಿತು. ಸಂಘಟಿತ ಕ್ಷಯ ಕಾರ್ಯಕ್ರಮವಿಲ್ಲದ ಆ ಪ್ರದೇಶದಲ್ಲಿ, ಕಫದಲ್ಲಿ ರೋಗಾಣು ಕಂಡವರ ಪೈಕಿ ಐದು ವರ್ಷಗಳಲ್ಲಿ ನೂರಕ್ಕೆ 49 ಮಂದಿ ಸತ್ತರು, ಸುಮಾರು 33 ಮಂದಿ ಗುಣವಾದರು, 18 ಮಂದಿ ರೋಗವನ್ನು ಹೊತ್ತೇ ಬದುಕಿದರು. ಕ್ಷಯದ ‘ಸಹಜ ಗತಿ’ ಎಂದು ವೈದ್ಯಗ್ರಂಥಗಳು ಇಂದಿಗೂ ಈ ಅಂಕಿಗಳನ್ನು ಉದ್ಧರಿಸುತ್ತವೆ. ಸಹಜ ಎಂಬ ಮಾತನ್ನು ಇಲ್ಲಿ ತಡೆದು ಕೇಳಬೇಕು. ಐಸೋನಿಯಜಿಡ್ 1952ರಿಂದಲೇ ಬಳಕೆಯಲ್ಲಿತ್ತು. ಮನೆಯಲ್ಲೇ ಗುಣಪಡಿಸಬಹುದೆಂದು 1959ರಲ್ಲೇ ಸಿದ್ಧವಾಗಿತ್ತು. ಗುಣಪಡಿಸಬಲ್ಲ ಔಷಧ ದೇಶದಲ್ಲಿದ್ದೂ ರೋಗಿಯನ್ನು ಮುಟ್ಟದಿದ್ದಾಗ ಬರುವ ಸಾವು ನಿಸರ್ಗದ ಲೆಕ್ಕಕ್ಕೆ ಹೋಗುವುದು ಹೇಗೆ? ಅಧ್ಯಯನಕ್ಕೆ ಅದರ ಕಾಲದ ಮಿತಿಗಳಿದ್ದವು, ಅಂದಿನ ನೈತಿಕ ಕಟ್ಟಳೆಗಳೂ ಇಂದಿನವಲ್ಲ. ಆದರೆ ಇಂದು ಉದ್ಧರಿಸುವವರಿಗೆ ಆ ವಿನಾಯಿತಿ ಇಲ್ಲ.

ಕಡೆಯದಾಗಿ ಊಟದ ವಿಷಯ. ಕನ್ನಡ, ಸಂಸ್ಕೃತಗಳಲ್ಲಿ ಈ ರೋಗಕ್ಕಿರುವ ‘ಕ್ಷಯ’ ಎಂಬ ಹೆಸರು ದೇಹ ಸವೆಯುವುದನ್ನು ಹೇಳುತ್ತದೆ. ಇಂಗ್ಲಿಷಿನ ‘ಟ್ಯುಬರ್ಕ್ಯುಲೋಸಿಸ್’ ಶ್ವಾಸಕೋಶವನ್ನು ಕೊಯ್ದು ನೋಡಿದಾಗ ಕಂಡ ಗಂಟನ್ನು ಹೇಳುತ್ತದೆ. ಎರಡು ಹೆಸರುಗಳು ಎರಡು ನೋಟಗಳು. ಮದರಾಸಿನ ಗುಂಪು 1961ರಲ್ಲಿ ಪ್ರಕಟಿಸಿದ ಪ್ರಬಂಧವು, ಪರಿಣಾಮಕಾರಿ ಔಷಧವಿದ್ದಾಗ ಗುಣವಾಗುವುದರಲ್ಲಿ ಆಹಾರದ ಪಾತ್ರ ಮುಖ್ಯವಲ್ಲ ಎಂದಿತು. ಚಿಕಿತ್ಸೆಗೆ ಮಾತ್ರ ಸಂಬಂಧಿಸಿದ ಈ ತೀರ್ಮಾನ ಬಳಕೆಯಲ್ಲಿ ಹಿಗ್ಗಿ, ಕ್ಷಯಕ್ಕೂ ಹಸಿವಿಗೂ ಇರುವ ನಂಟನ್ನೇ ಬದಿಗೆ ಸರಿಸಿತು. 2018ರಲ್ಲಿ ರೋಗಿಗೆ ಪೋಷಣೆಗಾಗಿ ತಿಂಗಳಿಗೆ 500 ರೂಪಾಯಿ ಕೊಡುವ ಯೋಜನೆ ಬಂದಿತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿ ಆಯಿತು. ಈ ನಡುವೆ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಸಹೋದ್ಯೋಗಿಗಳು ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಬಂದಿತು. 2,800 ರೋಗಿಗಳ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಎರಡು ಗುಂಪುಗಳಾಗಿ ಹಿಂಬಾಲಿಸಿದ ಈ ಪ್ರಯೋಗದಲ್ಲಿ ಒಂದು ಗುಂಪಿನ ಮನೆಯವರಿಗೆ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, 1.5 ಕಿಲೋ ಬೇಳೆ ಮತ್ತು ಸೂಕ್ಷ್ಮ ಪೋಷಕಾಂಶದ ಮಾತ್ರೆಗಳನ್ನು ಕೊಡಲಾಯಿತು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗುಲಿದವರ ಪ್ರಮಾಣ ನೂರಕ್ಕೆ 39ರಷ್ಟು, ಶ್ವಾಸಕೋಶದ ಕ್ಷಯವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ 48ರಷ್ಟು ತಗ್ಗಿತು. ಇಲ್ಲಿ ಅಳೆದದ್ದು ರೋಗಿಯೊಬ್ಬನ ಅರಿವನ್ನೂ ಅಲ್ಲ, ಕಳವಳವನ್ನೂ ಅಲ್ಲ. ಅವನ ಮನೆಯವರೆಲ್ಲರ ಊಟವನ್ನು. ತುಮಕೂರಿನ ಪ್ರಬಂಧ ರೋಗಿಯನ್ನು ಒಬ್ಬಂಟಿಯಾಗಿ ನಿಲ್ಲಿಸಿದ ಕಡೆ ಈ ಪ್ರಯೋಗ ಇಡೀ ಮನೆಯನ್ನು ತಂದು ನಿಲ್ಲಿಸಿದೆ.