ಪದ್ಮಿನಿಯ ಹೊಳಪು

ಪ್ರೀಮಿಯರ್ ಪದ್ಮಿನಿ ಕಾರಿನ ಚೆಂದದಲ್ಲಿ ಬಂಪರ್, ಚಕ್ರದ ಮುಚ್ಚಳ, ಪಕ್ಕದ ಬೀಡಿಂಗುಗಳ ಹೊಳಪಿಗೆ ದೊಡ್ಡ ಪಾಲಿದೆ. ಇಟಲಿಯ ಫಿಯಟ್ 1100ರಿಂದ ಬಂದ ಈ ಪುಟ್ಟ ಕಾರಿನ ತಯಾರಿಕೆ 2000ದ ಸುಮಾರಿಗೆ ನಿಂತಿತು. ಈಗ ಅಲಂಕಾರದ ಭಾಗಗಳು ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಅಂಗಡಿಗಳನ್ನೋ ಗುಜರಿಯನ್ನೋ ಜಾಲಾಡಬೇಕು. ಸಿಗದಿದ್ದರೆ ಇದ್ದುದನ್ನೇ ಉಳಿಸಿಕೊಳ್ಳುವುದು ಲೇಸು.

ಉಕ್ಕಿನ ಬಂಪರಿನ ಹಳೆಯ ಲೇಪ ತೆಗೆದು, ತುಕ್ಕು ಕಳೆದು, ತಗ್ಗುಗಳನ್ನು ಹಿಂಬದಿಯಿಂದ ಮೆಲ್ಲನೆ ತಟ್ಟಿ ಎಬ್ಬಿಸುತ್ತಾರೆ. ಬಳಿಕ ಉಜ್ಜಿ, ಬಫಿಂಗ್ ಮಾಡಿ, ವಿದ್ಯುತ್ ಲೇಪನದಿಂದ ತಾಮ್ರ, ನಿಕ್ಕಲ್, ಕೊನೆಗೆ ಕ್ರೋಮಿಯಂ ಕೂರಿಸುತ್ತಾರೆ. ಕ್ರೋಮಿಯಂ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ತೆಳು. ಕಣ್ಣಿಗೆ ಕಾಣುವ ಹೊಳಪಿನ ಬಹುಪಾಲು ಕೆಳಗಿನ ನಿಕ್ಕಲ್‌ನದು. ಉಜ್ಜುವಾಗ ಉಳಿದ ಗೀರು ಲೇಪದ ಮೇಲೂ ಎದ್ದು ಕಾಣುತ್ತದೆ. ಹಾಗಾಗಿ ಈ ಕೆಲಸದಲ್ಲಿ ಹೆಚ್ಚಿನ ಮೆಚ್ಚುಗೆ ಸಲ್ಲಬೇಕಾದದ್ದು ಬಫಿಂಗ್ ಮಾಡುವ ಕೈಗಳಿಗೆ.